ಸಡಿಲಿಸಿಟ್ಟ ತಂತಿಗಳು

"ಒಳಗೆ ಬಾರೋ. ಬಾಗಿಲಲ್ಲಿ ಯಾಕೆ ನಿಂತೆ, ಹೊಸಬನ ಹಾಗೆ?"

ಪೆನಿಯಾಸ್ ಎರಡನೇ ಸಲ ಕರೆದ ಮೇಲೂ ಎಲಿಯುದ ಹೊಸ್ತಿಲು ದಾಟಲಿಲ್ಲ. ಮೊದಲು ಅಂಗಳದ ಕಡೆ ತಿರುಗಿ ನೋಡಿದ. ಮಾವಿನ ಮರದ ಕೆಳಗೆ ಬ್ಯಾಂಡಿನ ಗೆಳೆಯ ಮಾರುಮನ ಹಳೆಯ ಪಿಕಪ್ ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಗಂಡಸರು ಸೊಂಟಕ್ಕೆ ಸುತ್ತುವ ಲಾಪ್‌ಲಾಪ್ ಎರಡು ನೇತಾಡುತ್ತಿದ್ದವು. ಎರಡೂ ಪೆನಿಯಾಸನವೇ ಇರಬೇಕು. ಇಲ್ಲದೆಯೂ ಇರಬಹುದು.

ಊಟಕ್ಕೆ ಕರೆದಿದ್ದು ಪೆನಿಯಾಸನ ಹೆಂಡತಿ ರಾಕೆಲ್. ಕೊಕೊಪೊ ಸಂತೆಯಲ್ಲಿ ಗೆಣಸಿನ ರಾಶಿಯ ಹಿಂದೆ ಕೂತಿದ್ದವಳು ಎಲಿಯುದನನ್ನು ಕಂಡು ಎದ್ದೇ ಬಂದಿದ್ದಳು. "ಎಂಟು ವರ್ಷ ಆಯ್ತು ನೀನು ನನ್ನ ಕೈ ಊಟ ಮಾಡಿ. ಗಂಡಸರ ಜಗಳ ಗಂಡಸರದು. ನಾನೇನು ಮಾಡಿದೀನಿ ನಿಂಗೆ? ಶನಿವಾರ ಬಾ," ಎಂದಿದ್ದಳು. ಅವನು ಹೂಂಗುಟ್ಟಿದ್ದ. ಮನೆಗೆ ಬಂದ ಮೇಲೆ ಯೋಚನೆ ಶುರುವಾಯಿತು. ಮಾರುಮನ ಮಗಳ ಮದುವೆ ಮುಂದಿನ ತಿಂಗಳು. ಬ್ಯಾಂಡು ಬೇಕು. ಬ್ಯಾಂಡಿಗೆ ಶ್ರುತಿ ಬೇಕು, ಶ್ರುತಿ ಇರುವುದು ತನ್ನೊಬ್ಬನ ಬಳಿ. ಊಟದ ಹಿಂದಿನ ಲೆಕ್ಕ ಅವನಿಗೆ ಅರ್ಥವಾಗದ್ದೇನಲ್ಲ. ಆದರೂ ಬಂದಿದ್ದ. ಪೆನಿಯಾಸನ ಬಾಯಿಂದ ಒಂದೇ ಒಂದು ಮಾತು ಕೇಳಬೇಕಿತ್ತು: ಹೌದು, ಶ್ರುತಿ ಕೊಟ್ಟಿದ್ದು ನಾನೇ. ಅಷ್ಟು ಕೇಳಿದರೆ ಕ್ಷಮಿಸುತ್ತಿದ್ದನೋ ಏನೋ, ಕೇಳದೆ ಮಾತ್ರ ಆಗುತ್ತಿರಲಿಲ್ಲ.

ಒಳಗೆ ಚಾಪೆಯ ಮೇಲೆ ಮಾರುಮ್ ಕಾಲು ಚಾಚಿ ಕೂತಿದ್ದ. ಮೂವರ ಬ್ಯಾಂಡಿನಲ್ಲಿ ಅವನದು ಯುಕುಲೇಲೆ ಮತ್ತು ಬಾಯಿ. ಪೆನಿಯಾಸ್ ಅಡಿಕೆಯ ತಟ್ಟೆಯನ್ನು ಮುಂದೆ ಸರಿಸಿದ. ಹಸಿ ಅಡಿಕೆ, ಎಲೆಯ ಬದಲು ವೀಳ್ಯದ ಕಾಯಿ, ಪುಟ್ಟ ಸೋರೆಬುರುಡೆಯಲ್ಲಿ ಹವಳದ ಸುಣ್ಣ. ಎಲಿಯುದ ತನ್ನ ಬುಟ್ಟಿಯಿಂದ ತನ್ನದೇ ಸುಣ್ಣ ತೆಗೆದ. ನಮ್ಮೂರಲ್ಲಿ ಯಾರ ಸುಣ್ಣವನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ನೋಡಿದರೆ ಸಾಕು, ಯಾರಿಗೆ ಯಾರ ಮೇಲೆ ನಂಬಿಕೆ ಇದೆಯೆಂದು ತಿಳಿದುಬಿಡುತ್ತದೆ. ಸುಣ್ಣದಲ್ಲಿ ಏನನ್ನು ಬೇಕಾದರೂ ಬೆರೆಸಬಹುದು.

"ವಿಷ ಹಾಕೋದಿದ್ರೆ ಸಾರಿಗೇ ಹಾಕ್ತಿದ್ವಲ್ಲೋ," ಎಂದ ಮಾರುಮ್. "ಒಳ್ಳೇ ಅಡಿಕೆ ಯಾಕೆ ದಂಡ ಮಾಡೋಣ?"

ಪೆನಿಯಾಸ್ ನಗಲಿಲ್ಲ. ಅವನ ಕಿವಿ ಅಡುಗೆಮನೆಯ ಕಡೆಗಿತ್ತು. ಅಂಗಳದಾಚೆ ಬಿದಿರು ತಟ್ಟಿಯ ಗೋಡೆಯ ಆ ಅಡುಗೆಮನೆಯಿಂದ ಹೊಗೆ ಏಳುತ್ತಿತ್ತು. ಎಲಿಯುದನೂ ಅತ್ತ ನೋಡಿದ. ಪೆನಿಯಾಸ್ ತಟ್ಟನೆ, "ಈ ಸಲ ಬೂದಿ ಜಾಸ್ತಿ. ಮಾಡಿನ ತಗಡೆಲ್ಲ ತೂತಾಗಿದೆ," ಎಂದು ಊರಾಚೆಯ ಜ್ವಾಲಾಮುಖಿಯ ಸುದ್ದಿ ತೆಗೆದ. ಎಂಟು ವರ್ಷದ ಮೇಲೆ ಸಿಕ್ಕಿದ ಗೆಳೆಯನೊಂದಿಗೆ ಆಡುವ ಮಾತೇ ಅದು?

ನಮ್ಮ ಕಡೆ ಹಾಡನ್ನು ಯಾರು ಬೇಕಾದರೂ ಹಾಡಬಹುದು, ಶ್ರುತಿ ಮಾತ್ರ ಬ್ಯಾಂಡಿನ ಸ್ವಂತದ್ದು. ಗಿಟಾರಿಗೆ ನಾವು ಹಾಕುವ ಐದೇ ತಂತಿಗಳನ್ನು ಯಾವ ಸ್ವರಕ್ಕೆ ಬಿಗಿಯುತ್ತೇವೆ ಎನ್ನುವುದರಲ್ಲೇ ಊರಿನ ಗುರುತಿದೆ. ಎಲಿಯುದನ ಶ್ರುತಿ ಅವನಿಗೆ ಕನಸಿನಲ್ಲಿ ಬಂದದ್ದು. ಸತ್ತ ಸೋದರಮಾವ ಕೊಟ್ಟದ್ದು ಎನ್ನುತ್ತಿದ್ದ, ಊರೂ ನಂಬಿತ್ತು. ಅಭ್ಯಾಸ ಈ ಅಂಗಳದಲ್ಲೇ ನಡೆಯುತ್ತಿತ್ತು. ಎಲ್ಲರ ವಾದ್ಯವನ್ನೂ ಎಲಿಯುದನೇ ಅಡುಗೆಮನೆಯ ಹಿಂದಕ್ಕೆ ಒಯ್ದು, ಗೋಡೆಗೆ ಬೆನ್ನು ಕೊಟ್ಟು ಕೂತು ಶ್ರುತಿ ಮಾಡಿ ತರುತ್ತಿದ್ದ. ಆಗ ಉಳಿದಿಬ್ಬರು ಮಾವಿನ ಮರದ ಆಚೆ ಇರಬೇಕು. ಬಾರಿಸಿ ಮುಗಿದೊಡನೆ ಅವನೇ ಬಿರಡೆ ತಿರುಗಿಸಿ ತಂತಿಗಳನ್ನೆಲ್ಲ ಸಡಿಲಿಸಿಬಿಡುತ್ತಿದ್ದ. ಪೆನಿಯಾಸ್, ಮಾರುಮ್ ಕೈ ಇಟ್ಟಲ್ಲಿ ಹಾಡು ಬರುತ್ತಿತ್ತು, ಶ್ರುತಿ ಹೇಗೆಂದು ಕೇಳಿದವರಲ್ಲ.

ಹೀಗಿದ್ದೂ ಎಂಟು ವರ್ಷದ ಹಿಂದಿನ ಈಸ್ಟರ್ ಸೋಮವಾರ ಚರ್ಚ್ ಮೈದಾನದ ಪಂದ್ಯದಲ್ಲಿ, ರಾಕೆಲಳ ತವರು ವುನಾಲಾಮದ ಹುಡುಗರು ಮೊದಲು ವೇದಿಕೆ ಹತ್ತಿ ಗಿಟಾರ್ ಮೀಟಿದಾಗ ಹೊಮ್ಮಿದ್ದು ಎಲಿಯುದನ ಶ್ರುತಿ. ಅವರ ಮುಂದಾಳು ರಾಕೆಲಳ ತಮ್ಮ. ಎಲಿಯುದ ನೆರೆದ ಜನರೆದುರೇ ಪೆನಿಯಾಸನ ಕೊರಳಪಟ್ಟಿ ಹಿಡಿದು, "ಹೆಂಡತಿ ತವರಿಗೆ ನನ್ನ ಮಾವನ್ನ ಮಾರ್ಬಿಟ್ಟೆಯಲ್ಲೋ," ಎಂದಿದ್ದ. ಪೆನಿಯಾಸ್ ಆವತ್ತು ಇಲ್ಲ ಎಂದು ಕೂಗಾಡಿದ್ದ, ಆಣೆ ಹಾಕಿದ್ದ. ವಾರ ಕಳೆದು ಎಲಿಯುದ ಮತ್ತೆ ಕೇಳಲು ಹೋದಾಗ ಮಾತ್ರ ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದ. ಆ ಮೌನವೇ ಸಾಕ್ಷಿ ಎಂದುಕೊಂಡು ಎಲಿಯುದ ಅಂದಿನಿಂದ ಗಿಟಾರ್ ಮುಟ್ಟಿರಲಿಲ್ಲ. ಅದರಿಂದ ಯಾರಿಗೆ ನಷ್ಟವಾಯಿತೆಂದು ಅವನ ಹೆಂಡತಿ ಕೇಳುತ್ತಿದ್ದಳು. ಸಂಜೆಯ ಹೊತ್ತು ಅವನಿಗೂ ಅದು ಗೊತ್ತಾಗುತ್ತಿತ್ತು.

ರಾಕೆಲ್ ಪಾತ್ರೆ ಹೊತ್ತು ತಂದಳು. ಕಾದ ಕಲ್ಲುಗಳನ್ನು ಒಳಗಿಟ್ಟು ತೆಂಗಿನಹಾಲಿನಲ್ಲಿ ಬೇಯಿಸಿದ ಕೋಳಿ, ಸೊಪ್ಪು, ಬಾಳೆಕಾಯಿ, ಶುಂಠಿ. ಮುಚ್ಚಳ ತೆಗೆದಾಗ ಹಾಲು ಇನ್ನೂ ಕೊತಕೊತ ಕುದಿಯುತ್ತಿತ್ತು. ಎಲಿಯುದ ತಿನ್ನಬಾರದೆಂದೇನೂ ನಿಶ್ಚಯಿಸಿರಲಿಲ್ಲ, ಆದರೆ ಮಾರುಮ್ ಎರಡು ತುತ್ತು ನುಂಗುವವರೆಗೆ ಕಾದ. ಆಮೇಲೆ ಬಾಯಿಗಿಟ್ಟುಕೊಂಡ. ರುಚಿ ಹಾಗೇ ಇತ್ತು. ಅದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬಂತು.

"ಹಾಲು ಸ್ವಲ್ಪ ನೀರಾಯ್ತು," ಎಂದಳು ರಾಕೆಲ್. "ಇವತ್ತು ಕಾಯಿ ತುರಿದಿದ್ದು ಇವರು. ಬೆಳಿಗ್ಗೆಯಿಂದ ತುರಿಮಣೆ ಬಿಟ್ಟು ಏಳ್ತಿಲ್ಲ. ಮದುವೆಯಾಗಿ ಇಷ್ಟು ವರ್ಷ ಒಂದು ಹೋಳು ತುರಿದವರಲ್ಲ."

"ಅಪರೂಪದ ನೆಂಟ ಬರ್ತಾನೆ ಅಂತ," ಎಂದ ಪೆನಿಯಾಸ್.

ಮಾರುಮ್ ಮೂಳೆ ಚೀಪುತ್ತ ಮದುವೆಯ ಮಾತಿಗೆ ಬಂದ. "ನೋಡ್ರಪ್ಪಾ, ಮಗಳ ಮದುವೇಲಿ ನಾನು ಮೊಬೈಲಲ್ಲಿ ಹಾಡು ಹಾಕಿ ಕೂರಲ್ಲ. ನೀವಿಬ್ರು ಮುಖ ಗಂಟಿಕ್ಕಿಕೊಂಡಾದ್ರೂ ಸರಿ, ಒಟ್ಟಿಗೆ ಕೂರಬೇಕು. ಇವತ್ತೇ ಶ್ರುತಿಗೆ ತಂತಿ ಕಟ್ಟಿ ಒಂದು ಹಾಡು ನೋಡೋಣ. ಗಿಟಾರ್ ತಂದಿದೀನಿ."

"ಎಲ್ಲಿ ಕಟ್ಟಲಿ?" ಎಂದು ಕೇಳಿದ ಎಲಿಯುದ. "ಹಿಂದಿನ ಜಾಗದಲ್ಲೇನಾ?" ಕೇಳಿ ಪೆನಿಯಾಸನ ಮುಖವನ್ನೇ ನೋಡಿದ.

"ಅಲ್ಲಿ ಬೇಡ," ಎಂದ ಪೆನಿಯಾಸ್. "ಸಮುದ್ರದ ಕಡೆ ಹೋಗು. ಅಲ್ಲಿ ಯಾರೂ ಇರಲ್ಲ."

"ಅಡುಗೆಮನೆ ಹತ್ರ ಯಾರಿದಾರೆ?"

"ಯಾರೂ ಇಲ್ಲ. ಹೊಗೆ."

ರಾಕೆಲ್ ಎದ್ದು, ಬಾಳೆಹಣ್ಣಿನ ಸಿಹಿಗೆ ಇನ್ನೊಂದು ಕಾಯಿ ತುರಿಯಬೇಕೆಂದಳು. ಪೆನಿಯಾಸ್ ಅವಳಿಗಿಂತ ಮೊದಲು ಎದ್ದ. "ನೀನು ಕೂತ್ಕೊ, ನಾನು ತುರೀತೀನಿ."

"ನೆಂಟನ್ನ ಬಿಟ್ಟು ಎಲ್ಲಿಗೆ ಹೋಗ್ತೀರಿ? ಹುಚ್ಚು ಹಿಡಿದಿದೆಯಾ ನಿಮಗೆ?" ಎಂದು ಅವನನ್ನು ಹೆಗಲು ಹಿಡಿದು ಕೂರಿಸಿ ಅವಳು ಅಂಗಳಕ್ಕೆ ಇಳಿದಳು.

ಎಲಿಯುದನಿಗೆ ಈಗ ಎಲ್ಲ ಸ್ಪಷ್ಟವಾಯಿತು. ರಾಕೆಲಳ ತಮ್ಮ ಬಂದಿದ್ದಾನೆ. ಅಡುಗೆಮನೆಯಲ್ಲಿ ಕೂತಿದ್ದಾನೆ, ಕೈಯಲ್ಲಿ ಫೋನು. ತಾನು ಸಮುದ್ರದ ಕಡೆ ಹೋದರೆ ಹಿಂದೆಯೇ ಬಂದು, ತಂತಿ ಕಟ್ಟುವುದನ್ನು ಅದರಲ್ಲಿ ತುಂಬಿಸಿಕೊಂಡು ಹೋಗುತ್ತಾನೆ. ಬೆಳಗಿನಿಂದ ಪೆನಿಯಾಸ್ ಅಲ್ಲಿ ಕೂತಿದ್ದು ಕಾಯಿ ತುರಿಯಲಿಕ್ಕಲ್ಲ, ಅವನ ಜೊತೆ ಸಂಚು ಮಾಡಲಿಕ್ಕೆ. ಹಗ್ಗದ ಮೇಲಿನ ಎರಡನೇ ಲಾಪ್‌ಲಾಪ್ ಯಾರದೆಂದೂ ಈಗ ಗೊತ್ತಾಯಿತು.

"ಕೈ ತೊಳ್ಕೊಂಡು ಬರ್ತೀನಿ," ಎಂದು ಎದ್ದ.

"ನೀರು ಇಲ್ಲೇ ಇದೆ," ಎಂದು ಪೆನಿಯಾಸ್ ಅವನ ಮಣಿಕಟ್ಟು ಹಿಡಿದ. "ಕೂತ್ಕೊಳೋ ಎಲಿಯುದ. ನಿನ್ನ ಕಾಲಿಗೆ ಬೀಳ್ತೀನಿ."

ಆ ದನಿ ಕೇಳಿ ಮಾರುಮ್ ಕೂಡ ಮೂಳೆ ಕೆಳಗಿಟ್ಟ. ಎಲಿಯುದ ಕೈ ಕೊಡವಿಕೊಂಡು ಅಂಗಳ ದಾಟಿದ. ಗೋಡೆಯ ಬಳಿ ಬಂದು, ಸದ್ದಾಗದಂತೆ ತಟ್ಟಿಯ ಸಂದಿಗೆ ಕಣ್ಣಿಟ್ಟ.

ಒಳಗೆ ಒಲೆಯ ಬೆಳಕಿನಲ್ಲಿ ರಾಕೆಲ್ ಒಬ್ಬಳೇ ಇದ್ದಳು. ತುರಿಮಣೆಯ ಮೇಲೆ ಕಾಲು ಹಾಕಿ ಕೂತು ಕಾಯಿ ತುರಿಯುತ್ತಿದ್ದಳು. ತುರಿಯುವ ಲಯಕ್ಕೆ ತುಟಿ ಮುಚ್ಚಿ ಏನೋ ಗುನುಗುತ್ತಿದ್ದಳು. ಹಾಡಲ್ಲ. ಮೇಲಿನಿಂದ ಕೆಳಗೆ ಐದು ಸ್ವರ. ಮುಗಿದರೆ ಮತ್ತೆ ಮೊದಲಿಂದ. ನಾಲ್ಕನೆಯದಕ್ಕೆ ಬಂದಾಗ ತುಸು ತಡೆದು, ಕೆಳಗಿಳಿಸಿ, ಸರಿಪಡಿಸಿಕೊಂಡು ಮುಂದೆ ಹೋಗುತ್ತಿದ್ದಳು. ನಾಲ್ಕನೇ ತಂತಿಯನ್ನು ಎಲಿಯುದ ಹಾಗೆಯೇ ಕಟ್ಟುತ್ತಿದ್ದ, ಮೊದಲು ಮೇಲೆ, ಆಮೇಲೆ ಇಳಿಸಿ.

ಈ ಗೋಡೆಗೇ ಅವನು ಬೆನ್ನು ಕೊಟ್ಟು ಕೂರುತ್ತಿದ್ದ. ಸುತ್ತ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಪ್ರತಿ ಸಲ ನೋಡುತ್ತಿದ್ದ. ಬೆನ್ನ ಹಿಂದೆ, ಒಂದು ಗೇಣು ಆಚೆ, ಅವರೆಲ್ಲರ ಊಟಕ್ಕೆಂದು ಕಾಯಿ ತುರಿಯುತ್ತಿದ್ದವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತವರಿಗೆ ಹೋದಾಗಲೂ ಅವಳು ತುರಿಮಣೆಯ ಮೇಲೆ ಕೂತು ಹೀಗೇ ಗುನುಗಿರಬೇಕು, ತಮ್ಮ ಪಕ್ಕದಲ್ಲಿ ಗಿಟಾರ್ ಹಿಡಿದು ಕೇಳಿರಬೇಕು. ಶ್ರುತಿಯನ್ನು ಕೊಟ್ಟದ್ದು ತಾನೇ ಎಂದು ಅವಳಿಗೆ ಗೊತ್ತಿಲ್ಲ. ಇಂದಿಗೂ ಗೊತ್ತಿಲ್ಲ.

ತಿರುಗಿ ನೋಡಿದರೆ ಪೆನಿಯಾಸ್ ಅಂಗಳದ ನಡುವೆ ನಿಂತಿದ್ದ.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದು ಎಲಿಯುದ ಪಿಸುಗುಟ್ಟಿದ.

"ಪಂದ್ಯ ಆದ ವಾರದಲ್ಲಿ. ಅಲ್ಲೀವರೆಗೂ ನಾನೂ ಕಿವಿಗೊಟ್ಟು ಕೇಳಿರಲಿಲ್ಲ."

"ಹೇಳಬಾರದಿತ್ತೇನೋ ನಂಗೆ?"

"ಹೇಳಿದ್ರೆ ಊರವರು ಅವಳನ್ನ ಬಿಡ್ತಿದ್ರಾ? ಗೂಢಚಾರಿಣಿ ಅಂತಿದ್ರು. ನನ್ನ ಕಳ್ಳ ಅಂದ್ರೆ ನಡೀತದೆ." ಪೆನಿಯಾಸ್ ಒಲೆಯ ಬೆಳಕಿನತ್ತ ಗದ್ದ ತೋರಿಸಿದ. "ಗುನುಗೋದನ್ನೂ ನಿಲ್ಲಿಸಿಬಿಡ್ತಿದ್ಲು."

ಎಲಿಯುದನಿಗೆ ಅಳು ಬಂತು. ಅದನ್ನು ಅವನು ಕೆಮ್ಮಿನಲ್ಲಿ ಮುಚ್ಚಿಕೊಂಡ. ಎಂಟು ವರ್ಷ ಇವನನ್ನು ಕಂಡರೆ ರಸ್ತೆ ಬದಲಿಸಿದ್ದ, ಇವನ ತಾಯಿ ಸತ್ತಾಗ ಬಂದಿರಲಿಲ್ಲ.

ಅಷ್ಟರಲ್ಲಿ ಮಾರುಮ್ ಪಿಕಪ್ಪಿನಿಂದ ಗಿಟಾರ್ ತೆಗೆದುಕೊಂಡು ಬಂದ. ತಂತಿಗಳು ಸಡಿಲವಾಗಿ ಜೋಲುತ್ತಿದ್ದವು. "ಹಿಡಿಯೋ ಎಲಿಯುದ. ನಾವು ಮರದ ಹತ್ರ ಹೋಗ್ತೀವಿ."

ಎಲಿಯುದ ಗಿಟಾರ್ ಇಸಿದುಕೊಂಡು ಪೆನಿಯಾಸನ ಕೈಗಿಟ್ಟ. "ನೀನು ಕಟ್ಟು."

"ಅವನಿಗೇನು ಗೊತ್ತು?" ಎಂದ ಮಾರುಮ್.

"ಗೊತ್ತು. ನಾನೇ ಹೇಳ್ಕೊಟ್ಟಿದ್ದೆ."

"ಯಾವಾಗ?"

"ಪಂದ್ಯಕ್ಕೆ ಮುಂಚೆ. ವುನಾಲಾಮದವರಿಗೆ ಹೋಗಿದ್ದು ನನ್ನಿಂದಲೇ. ಒಂದು ಸಲ ತಂತಿ ಸಡಿಲಿಸೋದು ಮರೆತಿದ್ದೆ. ಯಾರೋ ನೋಡಿರಬೇಕು. ಇವನ ತಲೆಗೆ ಕಟ್ಟಿದೆ."

ಮಾರುಮ್ ಇಬ್ಬರನ್ನೂ ಬಾರಿ ಬಾರಿ ನೋಡಿದ. "ಥೂ ನಿನ್ನ. ಎಂಟು ವರ್ಷ ಕಣೋ. ನನ್ನ ಯುಕುಲೇಲೆಗೆ ಗೆದ್ದಲು ಹಿಡೀತು."

"ಬೈಯೋದಿದ್ರೆ ಮರದ ಹತ್ರ ಬೈ. ಬಾ," ಎಂದು ಎಲಿಯುದ ಅವನ ಭುಜ ಹಿಡಿದು ಎಳೆದುಕೊಂಡು ಹೋದ.

ಪೆನಿಯಾಸ್ ಗಿಟಾರ್ ಹಿಡಿದು ಅಡುಗೆಮನೆಯ ಹಿಂದೆ ಹೋಗಿ, ಗೋಡೆಯಾಚೆಯ ಗುನುಗಿಗೆ ಕಿವಿಗೊಟ್ಟು ಕೂತ. ಎಲಿಯುದ ಮಾವಿನ ಮರದ ಕೆಳಗೆ, ನಿಯಮದಂತೆ ಆ ಕಡೆಗೆ ಬೆನ್ನು ಹಾಕಿ ನಿಂತ. ಮಾರುಮ್ ಬೈಯುತ್ತಲೇ ಇದ್ದ. ಬೆನ್ನ ಹಿಂದೆ ಮೊದಲನೇ ತಂತಿ ನರಳುತ್ತ ಮೇಲೇರಿ ತನ್ನ ಜಾಗಕ್ಕೆ ಬಂದು ನಿಂತಿತು. ಎರಡನೆಯದು ಬಂತು, ಮೂರನೆಯದೂ ಬಂತು. ನಾಲ್ಕನೆಯದು ತುಸು ಹೆಚ್ಚೇ ಮೇಲೇರಿ ಅಲ್ಲೇ ತಡವರಿಸಿತು. ಗೋಡೆಯೊಳಗೆ ಕಾಯಿ ತುರಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು, ತಂತಿ ನಿಧಾನವಾಗಿ ಇಳಿಯತೊಡಗಿತು.