ಗುಲಾಬಿ ಸಾಲು

ಹಿಸಾನೊ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿಬಿಟ್ಟಿದ್ದಳು. ಅವಳ ಕಪ್ಪು ಕಿಮೊನೊದ ತೋಳುಗಳು ಪರದೆಯ ಹಾಗೆ ಇಳಿಬಿದ್ದು, ಆಚೆ ನಿಂತವಳ ಮುಖವೇ ಕಾಣುತ್ತಿರಲಿಲ್ಲ.

"ಇಲ್ಲಿಂದ ಮುಂದೆ ಮನೆಯವರು ಮಾತ್ರ. ನಿನ್ನೆ ಬಂದು ಊದುಬತ್ತಿ ಹಚ್ಚಿದ್ಯಲ್ಲ, ಸಾಕು. ನಡಿ."

"ಆಯ್ತು ಬಿಡಿ, ಹೊರಗೇ ಕೂತಿರ್ತೀನಿ," ಎಂದಿತು ಆಚೆಯಿಂದ ಒಂದು ದಪ್ಪ ಧ್ವನಿ. ಕಣ್ಣು ಮುಚ್ಚಿ ಕೇಳಿದವರು ಯಾವುದೋ ಹಡಗಿನ ಕಪ್ತಾನನಿರಬೇಕು ಅಂದುಕೊಳ್ಳುವಂಥ ಧ್ವನಿ.

ಚಿಜುರು ಆಗಷ್ಟೇ ಗಂಡನ ಶವಪೆಟ್ಟಿಗೆಯನ್ನು ಚಿತಾಗಾರದ ಕುಲುಮೆಯೊಳಗೆ ಕಳಿಸಿ, ಮುಚ್ಚಿದ ಕಬ್ಬಿಣದ ಬಾಗಿಲಿಗೆ ಬಾಗಿ ನಮಿಸಿ, ಅವನ ಫೋಟೊ ಎದೆಗವಚಿಕೊಂಡು ಕಾಯುವ ಕೋಣೆಗೆ ಬಂದಿದ್ದಳು.

"ಕೈ ಇಳಿಸಿ ಅತ್ತಿಗೆ. ಅವರನ್ನ ಕರೆದೋಳು ನಾನು."

"ನಿನಗೇನು ತಲೆ ಕೆಟ್ಟಿದ್ಯಾ? ನನ್ನ ತಮ್ಮನ್ನ ಇವಳು ಎಷ್ಟು ವರ್ಷ... ಊರೆಲ್ಲ ಏನು ಆಡ್ಕೊಂಡಿದೆ ಗೊತ್ತಾ?"

"ಗೊತ್ತು. ಮೊದಲು ಆಡ್ಕೊಂಡೋಳೇ ನಾನು. ಒಳಗೆ ಬನ್ನಿ ಅಮ್ಮ."

ಬಂದರಿನ ಬೀದಿಯಲ್ಲಿ 'ಕಡಲಹಕ್ಕಿ' ಎಂಬ ಪುಟ್ಟ ಬಾರು ನಡೆಸುವ ಮಿನಾಯೊಳನ್ನು ಗಿರಾಕಿಗಳೆಲ್ಲ ಅಮ್ಮ ಎಂದೇ ಕರೆಯುವುದು. ಮೀನುದೋಣಿಗಳಿಗೆ ಐಸ್ ಒದಗಿಸುವ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಚಿಜುರುವಿನ ಗಂಡ ತೊಕುಜಿ ಶನಿವಾರ ಬಂತೆಂದರೆ ಅಲ್ಲಿಗೆ ಹೋಗಿ, ಕರಾವೊಕೆ ಯಂತ್ರದ ಮುಂದೆ ಅವಳ ಜೊತೆ ಯುಗಳಗೀತೆ ಹಾಡುತ್ತಿದ್ದ. ಎಲ್ಲವೂ ಪ್ರೇಮದ ಹಾಡುಗಳೇ. ಬೇರೆ ಯಾರು ಮೈಕು ಚಾಚಿದರೂ ಬೇಡವೆಂದು ತಲೆಯಾಡಿಸುತ್ತಿದ್ದ.

ಹಿಸಾನೊ ಕೈ ಇಳಿಸಿದಳು. ಬಾಯಿ ಇಳಿಸಲಿಲ್ಲ. ಮೇಜಿನ ಮೇಲೆ ಊಟದ ಡಬ್ಬಿಗಳು ಬಂದವು, ಬಿಯರ್ ಬಾಟಲಿಗಳು ಬಂದವು. ನೆಂಟರು ತಲೆ ತಗ್ಗಿಸಿ ಅನ್ನ ಕೆದಕತೊಡಗಿದರು.

"ಬಂದದ್ದು ಬಂದಳು. ಗಂಟಲ ಬುದ್ಧನ್ನ ಎತ್ತೋದು ಮಾತ್ರ ನೀನೂ ನಾನೂ. ನೆನಪಿರಲಿ," ಎಂದಳು ಹಿಸಾನೊ.

ಸುಟ್ಟ ಮೇಲೆ ಉಳಿದ ಮೂಳೆಗಳನ್ನು ಇಬ್ಬಿಬ್ಬರು ಸೇರಿ, ಒಂದೊಂದನ್ನೇ ಊಟದ ಕಡ್ಡಿಗಳಲ್ಲಿ ಹಿಡಿದು ಭರಣಿಗೆ ಹಾಕಬೇಕು. ಕಾಲಿನಿಂದ ಶುರು. ಕೊನೆಗೆ ಕತ್ತಿನದೊಂದು ಪುಟ್ಟ ಮೂಳೆ, ಕೈಮುಗಿದು ಕೂತ ಬುದ್ಧನ ಹಾಗಿರುವುದು. ಅದು ಸತ್ತವರಿಗೆ ತೀರ ಹತ್ತಿರದವರಿಬ್ಬರ ಪಾಲು.

ಚಿಜುರು ಬಿಯರ್ ಬಗ್ಗಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಅದನ್ನ ಎತ್ತೋದು ನಾನೂ ಇವರೂ."

ಯಾರದೋ ಕಡ್ಡಿ ಡಬ್ಬಿಯೊಳಗೆ ಬಿತ್ತು.

*

ಅದು ಬಹಳ ಹಿಂದಿನ ಮಾತು; ಆ ವರ್ಷದ ಹಿಮ ಮೊಣಕಾಲಿಗೆ ಬಂದಿತ್ತು. ಚಿಜುರು ಇನ್ನೂ ಪ್ರಾಯದವಳು, ಮೈಯೆಲ್ಲ ಸಿಟ್ಟು. ಇವತ್ತು ಇಬ್ಬರನ್ನೂ ಜೊತೆಗೇ ಹಿಡಿಯುವುದೇ ಸೈ ಎಂದು 'ಕಡಲಹಕ್ಕಿ'ಯ ಹೊರಗೆ ಬಂದು ನಿಂತಳು. ಒಳಗಿನಿಂದ ಹಾಡು ಕೇಳುತ್ತಿತ್ತು. ಬಿಟ್ಟುಹೋಗುವವನನ್ನು ಹೆಣ್ಣು ಕೇಳುತ್ತಿದ್ದಾಳೆ, ಹಡಗು ಹೊರಟರೆ ನೀನೂ ಹೊರಟೆಯಾ ಎಂದು. ತೆಳ್ಳಗೆ, ಎಳೆಯ ಧ್ವನಿ. ಎದೆಯೊಳಗೆ ಕೈಹಾಕಿ ಹಿಂಡುವ ಹಾಗಿತ್ತು. ಹಗ್ಗ ಇನ್ನೂ ಬಿಚ್ಚಿಲ್ಲ ಕಣೇ ಎಂದು ದಪ್ಪ ಧ್ವನಿಯ ಗಂಡು ಸಮಾಧಾನ ಹೇಳುತ್ತಿದೆ.

ಇಷ್ಟು ಚೆನ್ನಾಗಿ ಹಾಡುವ ಹೆಂಗಸಿನ ಮುಂದೆ ತಾನೆಲ್ಲಿ, ಎಂದು ಚಿಜುರುವಿಗೆ ಅಳು ಬಂತು. ಅಳುತ್ತಲೇ ಬಾಗಿಲು ಎಳೆದಳು.

ಕರಾವೊಕೆಯ ತೆರೆಯ ಮೇಲೆ ಓಡುವ ಪದಗಳಲ್ಲಿ ಗಂಡಿನ ಸಾಲು ನೀಲಿ, ಹೆಣ್ಣಿನದು ಗುಲಾಬಿ, ಕೂಡಿ ಹಾಡುವುದು ಹಸಿರು. ನೀಲಿ ಓಡುವಾಗ ಹಾಡುತ್ತಿದ್ದವಳು ಮಿನಾಯೊ. ಗುಲಾಬಿ ಬಂದಾಗ ಕಣ್ಣು ಮುಚ್ಚಿ, ಕತ್ತು ಒಂದು ಕಡೆ ಓರೆ ಮಾಡಿ ಹಾಡುತ್ತಿದ್ದವನು, ಕಾರ್ಖಾನೆಯಲ್ಲಿ ದಿನವಿಡೀ ಕೂಗಾಡುವ ಅವಳ ಗಂಡ.

ಹಿಂದಿರುಗುವಾಗ ಅವನು ಅವಳಿಗಿಂತ ಎರಡು ಮಾರು ಹಿಂದೆಯೇ ನಡೆದ. ಮನೆಯ ತಿರುವಿಗೆ ಬಂದಾಗ, "ಆ ಧ್ವನೀನೇ ನಂದು. ಕೂಗಾಡ್ತೀನಲ್ಲ, ಅದು ಕಾರ್ಖಾನೆಗೆ ಅಂತ ತರಿಸ್ಕೊಂಡಿದ್ದು," ಎಂದ. ಆಮೇಲೆ, "ಯಾರಿಗೂ ಹೇಳಬೇಡ."

ಮುಂದಿನ ಶನಿವಾರದಿಂದ ಚಿಜುರುವೂ ಜೊತೆಗೆ ಹೋದಳು. ಅವಳಿಗೆ ಹಾಡಲು ಬಾರದು. ಮೂಲೆಯಲ್ಲಿ ಕೂತು ಕಂಜಿರ ಬಡಿಯುತ್ತಿದ್ದಳು, ತಾಳ ತಪ್ಪಿ.

*

ಇದೆಲ್ಲವನ್ನೂ ಅವಳು ಆ ಮೇಜಿನ ಮುಂದೆ, ಒಂದು ಹಾಡಿನಷ್ಟೇ ಹೊತ್ತಿನಲ್ಲಿ ಹೇಳಿ ಮುಗಿಸಿದಳು.

"ಸುಳ್ಳು," ಎಂದಳು ಹಿಸಾನೊ. "ನನ್ನ ತಮ್ಮ ಗಂಡಸು."

"ಗಂಡಸೇ ಅಕ್ಕೋರೆ, ಇಲ್ಲ ಅಂದೋರ್ಯಾರು?" ಕಾರ್ಖಾನೆಯ ಹಳೆಯ ಜೊತೆಗಾರ ಗೆನ್ಜೊ ಗಂಟಲು ಸರಿಮಾಡಿಕೊಂಡ. "ಹಾಡೋಕೆ ನಿಂತ್ರೆ ಮಾತ್ರ ಹದಿನೆಂಟರ ಹುಡುಗಿ. ನಾನೇ ಎಷ್ಟೋ ಸಲ ಮನಸ್ಸು ಕೊಟ್ಬಿಟ್ಟಿದೀನಿ. ಬಾರಲ್ಲಿ ಹಾಡಿದ್ದು ಬಾಗಿಲಾಚೆ ಹೋಗಬಾರದು ಅಂತ ಅಮ್ಮ ಆಣೆ ಹಾಕಿಸಿದ್ಲು, ಅದಕ್ಕೇ ಸುಮ್ನಿದ್ದೆ."

"ಸತ್ತವನ ಮಾನ ಕಳೀತಿದೀರಲ್ಲೋ!"

"ಯಾವ ಮಾನ ಅತ್ತಿಗೆ?" ಚಿಜುರು ಎದ್ದು ನಿಂತಳು. "ಅವರಿಗೆ ಬಾರಿನೋಳ ಸಂಬಂಧ ಇದೆ ಅಂತ ಊರು ಹೇಳಿದಾಗ ನೀವು, 'ಗಂಡಸರು ಹಾಗೇ ಬಿಡು' ಅಂತ ನಕ್ಕಿದ್ರಿ. ಹೊಸವರ್ಷದ ಊಟದಲ್ಲಿ, ನನ್ನ ಮುಂದೇನೇ. ಹಾದರ ಮಾಡಿದ್ರೆ ಹೋಗದ ಮಾನ, ಸಣ್ಣ ಧ್ವನಿಯಲ್ಲಿ ಹಾಡಿದ್ರೆ ಹೋಯ್ತಾ? ಅವರ ಗುಟ್ಟು ಉಳಿಸೋಕೆ ಈ ಹೆಂಗಸು ತನ್ನ ಹೆಸರು ಕೆಡಿಸ್ಕೊಂಡ್ಳು. ನಿಮ್ಮ ಕೈಲಿ ಇವತ್ತೂ ಬೈಸ್ಕೊಂಡ್ಳು."

"ಬಿಡಿ ಚಿಜುರು ಅವರೇ. ನನಗೇನು, ವ್ಯಾಪಾರ ಚೆನ್ನಾಗೇ ಆಯ್ತು," ಎಂದಳು ಮಿನಾಯೊ.

"ಬಿಡಲ್ಲ. ಹಾಡಿ. ನೀಲಿ ನಿಮ್ಮದು."

"ಇಲ್ಲಾ?"

"ಇಲ್ಲೇ."

ವೈದ್ಯರು ತೊಕುಜಿಯ ಗಂಟಲು ಕೊಯ್ದು ಗಡ್ಡೆಯ ಜೊತೆ ಧ್ವನಿಯನ್ನೂ ತೆಗೆದಿದ್ದ ವಸಂತದಲ್ಲೂ ಅವನು 'ಕಡಲಹಕ್ಕಿ'ಗೆ ಹೋದದ್ದುಂಟು. ಮಿನಾಯೊ ತನ್ನ ಪಾಲು ಹಾಡಿ ಬಾಯಿ ಮುಚ್ಚಿದಳು. ಗುಲಾಬಿ ಸಾಲುಗಳು ಯಾರೂ ಹಾಡುವವರಿಲ್ಲದೆ ಓಡಿಹೋದವು. ಆಗ ಅವನು ಹೆಂಡತಿಯ ಕೈಯಿಂದ ಕಂಜಿರ ಕಿತ್ತುಕೊಂಡು, ಮೈಕು ತುರುಕಿ, ಪಕ್ಕೆಗೆ ತಿವಿದ. ಅವಳು ಕಿರುಚಿದ ಹಾಗೆ ಹಾಡಿದಳು. ಅವನು ಸದ್ದೇ ಇಲ್ಲದ ನಗೆಯಲ್ಲಿ ಅಲುಗಾಡಿಹೋದ. ಕಣ್ಣಲ್ಲಿ ನೀರು.

ಈಗಲೂ ಅವಳು ಹಾಗೆಯೇ ಹಾಡಿದಳು. ಫೋಟೊ ತಬ್ಬಿಕೊಂಡು, ಶ್ರುತಿ ಬಿಟ್ಟು, ಹಿಸಾನೊಳ ಮುಖಕ್ಕೆ ಮುಖ ಕೊಟ್ಟು: ಹಡಗು ಹೊರಟರೆ ನೀನೂ ಹೊರಟೆಯಾ? ಕಪ್ತಾನನ ಧ್ವನಿ ಪಕ್ಕದಿಂದ ಉತ್ತರ ಕೊಟ್ಟಿತು. ಗೆನ್ಜೊ ಊಟದ ಡಬ್ಬಿಯ ಮುಚ್ಚಳ ಬಡಿದ. ನಡುವಿನ ಜಾರುಬಾಗಿಲು ಸರಿದು ಪಕ್ಕದ ಕೋಣೆಯ ಮುದುಕನೊಬ್ಬ ಇಣುಕಿದ. ಅವನದೂ ಕಪ್ಪು ಕೋಟು.

"ಕ್ಷಮಿಸಿ," ಎಂದಳು ಹಿಸಾನೊ ಗಾಬರಿಯಿಂದ, "ಈಗಲೇ ನಿಲ್ಲಿಸಿಬಿಡ್ತಾರೆ."

"ನಿಲ್ಲಿಸೋದಾ? ಬಾಗಿಲು ತೆಗೆದಿಡಿ ಅನ್ನೋಕೆ ಬಂದೆ," ಎಂದ ಮುದುಕ. "ನಮ್ಮೋಳಿಗೂ ಹಾಡು ಅಂದ್ರೆ ಪ್ರಾಣವಾಗಿತ್ತು."

*

ಬಿಳಿ ಕೈಗವುಸಿನ ನೌಕರ ತಟ್ಟೆಯನ್ನು ಮುಂದೆ ನೂಕಿದ. ಬಿಸಿ ಇನ್ನೂ ಮುಖಕ್ಕೆ ಬಡಿಯುತ್ತಿತ್ತು. ಕಾಲಿನವು, ಸೊಂಟದವು, ತೋಳಿನವು, ತಲೆಯ ಚೂರುಗಳು ಇಬ್ಬಿಬ್ಬರ ಕಡ್ಡಿಗಳಲ್ಲಿ ಭರಣಿ ಸೇರಿದವು.

"ಗಂಟಲ ಬುದ್ಧ ಚೂರೂ ಮುಕ್ಕಾಗಿಲ್ಲ. ಹತ್ತಿರದವರು ಇಬ್ಬರು ಬನ್ನಿ."

ಹಿಸಾನೊ ಮುಂದೆ ಬಂದಳು. ಚಿಜುರು ನಿಂತಲ್ಲಿಂದ ಕದಲಲಿಲ್ಲ. ಗೋಡೆಗೊರಗಿ ನಿಂತಿದ್ದ ಮಿನಾಯೊಳ ಕಡೆ ಒಂದು ಜೊತೆ ಕಡ್ಡಿ ಚಾಚಿ ಹಿಡಿದಳು. ಹಿಡಿದೇ ಇದ್ದಳು. ನೌಕರ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿ, ಕೊನೆಗೆ ತನ್ನ ಕೈಗವುಸನ್ನೇ ನೋಡಿಕೊಂಡ.

ಮಿನಾಯೊ ಬಂದು ಕಡ್ಡಿ ತೆಗೆದುಕೊಂಡಳು. ಹಾಡಿಗೆ ಮುಂಚೆ ಎಳೆದುಕೊಳ್ಳುವ ಹಾಗೆ ಉಸಿರು ಎಳೆದುಕೊಂಡಳು.

"ಹಸಿರು," ಎಂದಳು ಮೆಲ್ಲಗೆ.

ಎರಡು ಜೊತೆ ಕಡ್ಡಿಗಳು ಒಟ್ಟಿಗೇ ಎದ್ದವು. ಕೈಮುಗಿದು ಕೂತ ಪುಟ್ಟ ಬಿಳಿ ಮೂಳೆ ಅವುಗಳ ನಡುವೆ ಒಂದಿಷ್ಟೂ ಅಲುಗದೆ, ಹಿಸಾನೊಳ ಮುಂದೆಯೇ ಹಾದು, ಭರಣಿಯ ಬಾಯಿಯತ್ತ ಸಾಗಿತು.