ಕೌದಿ ಹಾಸಿದ ಉಸುಕು

ಗಂಡ ವೀರೇಶನನ್ನು ಮಣ್ಣು ಮಾಡಿ ಆರು ದಿನವಾಗಿತ್ತು. ಎದೆನೋವು ಅಂದವನು ಆಸ್ಪತ್ರೆ ಮುಟ್ಟಿರಲಿಲ್ಲ. ಹಿಂದಿನ ಸಂಜೆ ಕೊನೆಯ ನೆಂಟರೂ ಬಸ್ಸು ಹತ್ತಿದ್ದರು. ಬೆಳಿಗ್ಗೆ ಹಾಲಿನವನು ಬಂದ, ನಳದಲ್ಲಿ ನೀರು ಬಂತು, ಕೊಡ ತುಂಬಿದೆ. ಏಳೂವರೆಗೆ ವೀರೇಶನ ಫೋನು ರಿಂಗಾಯಿತು.

"ಅಣ್ಣಾರ, ನಾ ಚಿಕ್ಕಪಡಸಲಗಿ ಶೇವಂತಿ ರೀ. ಇವತ್ತ ಬರತೇನಿ ಅಂದಿದ್ರಿ. ಮ್ಯಾಲಿಂದ ನೀರ ಬಿಟ್ಟಾರಂತ. ಸಂಜಿಕ ಉಸುಕೆಲ್ಲಾ ಮುಳಗತೈತ್ರಿ."

ಅವನಿಲ್ಲ ಎನ್ನಲು ಬಾಯಿ ತೆರೆದೆ. "ನಾ ಬರತೇನಿ" ಎಂದೆ.

ವೀರೇಶ ಜಮಖಂಡಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ. ಹೊಳೆಯ ಉಸುಕಿನಲ್ಲಿ ಯಾರದಾದರೂ ಒಡವೆ ಬಿದ್ದರೆ, ಬನಹಟ್ಟಿಯ ಗುಜರಿ ಅಂಗಡಿಯ ಕಲ್ಮೇಶರಿಂದ ಮೆಟಲ್ ಡಿಟೆಕ್ಟರ್ ಕೇಳಿ ತಂದು ಹುಡುಕಿಕೊಡುತ್ತಿದ್ದ. ಶೇವಂತಿಯ ಒಂದು ಕಿವಿಯ ಬುಗುಡಿಗಾಗಿ ಎರಡು ದಿನ ಹುಡುಕಿದ್ದ. ಸಿಕ್ಕಿರಲಿಲ್ಲ. ಮಷೀನು ಇನ್ನೂ ಬಾಗಿಲ ಹಿಂದೆಯೇ ಇತ್ತು.

ಅದನ್ನು ಎತ್ತಿಕೊಂಡಾಗ ಅತ್ತೆ ಸಾವಿತ್ರೆವ್ವ ಕೇಳಿದರು, "ಎಲ್ಲಿಗಿ ಬೇ?"

"ಹೊಳಿಗಿ."

"ಇನ್ನಾ ವಾರ ಆಗಿಲ್ಲ. ಮಂದಿ ಏನಂದಾರು?"

"ಬುಗುಡಿ ಹುಡಿಗಿಗಿ ಬರತೇನಿ ಅಂತ ಅವರು ಮಾತ ಕೊಟ್ಟಿದ್ರು."

ಅತ್ತೆ ರೊಟ್ಟಿಯ ಬುಟ್ಟಿ ಎಳೆದುಕೊಂಡರು. "ತಡಿ, ರೊಟ್ಟಿ ಕಟ್ಟತೇನಿ. ಆ ಹುಡಿಗೀನೂ ಉಂಡಿರಾಕಿಲ್ಲ."

ಆ ದಂಡೆಗೆ ನಾನು ಹೋದದ್ದು ಅದೇ ಮೊದಲು. ಶೇವಂತಿ ಬ್ಯಾರೇಜಿನ ಕೆಳಗೆ ನಿಂತಿದ್ದಳು. ಮದುವೆಯಾಗಿ ಆರು ತಿಂಗಳಾದ ಹುಡುಗಿ.

"ಅಣ್ಣಾರ ಬರ್ಲಿಲ್ರಿ?" ಎಂದವಳು ನನ್ನ ಬಳೆಯಿಲ್ಲದ ಕೈ ನೋಡಿದಳು. ಬಾಯಿಗೆ ಸೆರಗು ಹಿಡಿದಳು. "ಬ್ಯಾಡ್ರಿ ಅಕ್ಕಾರ. ನೀವು ಮನಿಗಿ ಹೋಗ್ರಿ. ಬುಗುಡಿ ಹೋದ್ರ ಹೋಗ್ಲಿ."

"ಯಾರು ಕೊಟ್ಟದ್ದು?"

"ನಮ್ಮವ್ವ. ತನ್ನ ಕಿವ್ಯಾಂದ ತಗದು ಹಾಕಿ ಕಳಿಸ್ಯಾಳ್ರಿ."

ಸ್ವಿಚ್ಚು ಒತ್ತಿದೆ. ಮನೆಯ ಅಂಗಳದಲ್ಲಿ ನಾನು ಮಷೀನು ಹಿಡಿದಾಗೆಲ್ಲ ಅದು ಹೆಜ್ಜೆಗೊಮ್ಮೆ ಕೂಗುತ್ತಿತ್ತು. "ನೀ ನಿನ್ನ ಕಾಲುಂಗುರಾನ ಹುಡಕಾಕತ್ತಿ, ದೂರ ಸರಿ" ಎಂದು ವೀರೇಶ ನಗುತ್ತಿದ್ದ. ಈಗ ಕಾಲ ಪಕ್ಕದಲ್ಲೇ ಆಡಿಸಿದರೂ ಸದ್ದಿಲ್ಲ. ಕೆಟ್ಟಿದೆ ಎಂದುಕೊಂಡು ಎರಡು ಸಲ ಸ್ವಿಚ್ಚು ನೋಡಿದೆ. ಆಮೇಲೆ ಕಾಲು ನೋಡಿದೆ.

ಶೇವಂತಿ ಒಗೆಯುವ ಕಲ್ಲಿನ ಕಡೆ ಹೊರಟಳು. "ಕೌದಿ ಒಗಿಯುವಾಗ ಬಿದ್ದೈತ್ರಿ. ಅಣ್ಣಾರೂ ಇಲ್ಲೇ ಹುಡಕಿದ್ರು."

ಕಲ್ಲಿನ ಸುತ್ತ ಮೊಳೆ ಸಿಕ್ಕಿತು, ಸೋಡಾ ಬಾಟಲಿಯ ಮುಚ್ಚಳ ಸಿಕ್ಕಿತು. ನೀರಿನ ಅಂಚು ಆಗಲೇ ಕಲ್ಲಿಗೆ ಹತ್ತಿತ್ತು.

"ಕೌದಿ ಒಣಗಿದ ಮ್ಯಾಲೆ ಮಡಿಚಿದಾಕಿ ನೀನ?"

"ಹೌದ್ರಿ. ತಲಿ ಮ್ಯಾಲೆ ಹೊತಗೊಂಡೆ."

ಕೌದಿ ಒಗೆದವರಿಗೆ ಗೊತ್ತು. ಒದ್ದೆ ಕೌದಿ ಯಾವುದನ್ನೂ ಬಿಡುವುದಿಲ್ಲ. ಓಲೆಯಾಗಲಿ ಬಳೆಯಾಗಲಿ ಅದರ ಹೊಲಿಗೆಯ ದಾರದಲ್ಲಿ ಸಿಕ್ಕಿಕೊಂಡೇ ಇರುತ್ತದೆ. ಉದುರುವುದು ಒಣಗಿದ ಮೇಲೆ, ಉಸುಕು ಹೋಗಲೆಂದು ಝಾಡಿಸುವಾಗ. ವೀರೇಶ ಎಂದೂ ಕೌದಿ ಒಗೆದವನಲ್ಲ.

"ಎಲ್ಲಿ ಹಾಸಿದ್ದಿ?"

ಅವಳು ದಂಡೆಯ ಮೇಲೆ, ಜಾಲಿಯ ಕಡೆ ಕೈ ತೋರಿದಳು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಯಾವ ಕಡೆ ಮುಖ ಮಾಡಿ ಝಾಡಿಸಿದೆ ಎಂದು ಕೇಳಿದೆ. ಅವಳು ಸೆರಗನ್ನೇ ಕೌದಿ ಮಾಡಿಕೊಂಡು ಝಾಡಿಸಿ ತೋರಿಸಿದಳು. ಅಲ್ಲಿಂದ ಐದಾರು ಮೊಳ ದೂರದಲ್ಲಿ ಮಷೀನು ಸಣ್ಣಗೆ ಕೂಗಿತು. ಬೆರಳು ಹಾಕಿದೆ. ಉಸುಕು ಬಿಸಿಯಾಗಿತ್ತು. ಬುಗುಡಿಯ ಮುತ್ತೊಂದು ಹೋಗಿತ್ತು, ಉಳಿದದ್ದೆಲ್ಲ ಇತ್ತು.

ಶೇವಂತಿ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕಿವಿ ಚಾಚಿದಳು. "ನೀವ ಹಾಕ್ರಿ."

"ನನ್ನ ಕೈಲೆ ಬ್ಯಾಡ. ಮನ್ಯಾಗ ಯಾರರ ಹಾಕ್ಲಿ."

"ಮನಿ ಮುಟ್ಟೂದ್ರಾಗ ಮತ್ತ ಕಳೀತೇನ್ರಿ. ನನ್ನ ಕಿವಿ ನನಗ ಕಾಣಸ್ತೈತೇನು?"

ಹಾಕಿದೆ. ತಿರುಪು ಬಿಗಿಯಾಗುವ ತನಕ ಅವಳು ಅಲುಗಲಿಲ್ಲ. ಆಮೇಲೆ ಇಬ್ಬರೂ ಜಾಲಿಯ ನೆರಳಿಗೆ ಕೂತು ಅತ್ತೆ ಕಟ್ಟಿದ ರೊಟ್ಟಿ ತಿಂದೆವು. ಆರು ದಿನದಲ್ಲಿ ನನಗೆ ಖಾರದ ರುಚಿ ಹತ್ತಿದ್ದು ಆಗಲೇ.

ಮಧ್ಯಾಹ್ನದ ಬಸ್ಸಿಗೆ ಬನಹಟ್ಟಿಗೆ ಹೋದೆ. ಕಲ್ಮೇಶ ಎದ್ದು ನಿಂತರು.

"ಇದಕ್ಯಾಕ ಬಂದ್ರಿ ವೈನಿ? ನಿಮ್ಮ ಕಡೇನ ಇರ್ಲಿ."

"ನಿಮ್ಮದದು. ತಗೋರಿ."

"ಬುಗುಡಿ?"

"ಸಿಕ್ತು."

ಅವರು ಮಷೀನಿನ ಉಸುಕು ಒರೆಸಿದರು. "ಇನ್ನ ಮ್ಯಾಲೆ ಯಾರರ ಫೋನ್ ಮಾಡಿದ್ರ ಏನ್ ಹೇಳ್ಲಿ?"

"ನನ್ನ ನಂಬರ ಕೊಡ್ರಿ. ಬಂದು ಕೇಳಿ ಒಯ್ತೇನಿ."

ಕಲ್ಮೇಶ ಮಷೀನನ್ನು ಗೋಡೆಯ ಎತ್ತರದ ಗೂಟಕ್ಕೆ ಹಾಕಿದರು. ನನ್ನನ್ನೊಮ್ಮೆ ನೋಡಿ, ತೆಗೆದು ಕೆಳಗಿನ ಗೂಟಕ್ಕೆ ಹಾಕಿದರು.