ಹಿಂದಿನ ಸ್ಪೀಕರಿನಲ್ಲಿ ಅವ್ವನಿಲ್ಲ

ಬೆನ್ನ ಹಿಂದೆ ಯಾರೋ ಗೆಜ್ಜೆ ಕಟ್ಟಿಕೊಂಡು ನಡೆದ ಹಾಗೆ, ತಿರುಗಿದರೆ ಯಾರೂ ಇಲ್ಲ, ಗೋಡೆಗೆ ತೂಗಿದ ಸ್ಪೀಕರು — ಎದುರಿಗೆ ಎರಡು, ಹಿಂದೆ ಎರಡು, ನಡುವೆ ಚಹಾದ ತಾಟು ಹಿಡಿದು ನಾನು, ಸುತ್ತ ಸಿನಿಮಾ ಹಾಡು, ಅಕ್ಕೋಳದ ಕಾಕಾಸಾಹೇಬರು ಖುರ್ಚಿಯಲ್ಲಿ ಕಣ್ಣು ಮುಚ್ಚಿ, ವಾ ಬಾಬಾಸಾಹೇಬ, ಥೇಟರದಾಗ ಕುಂತಂಗ ಆತಲೇ, ನನ್ನ ಗಂಡನಿಗೆ ಇಷ್ಟು ಸಾಕು, ಮೀಸೆ ನೆಟ್ಟಗಾಗುತ್ತದೆ, ಕೊಲ್ಹಾಪುರದಿಂದ ಈ ಸೆಟ್ಟು ತಂದು ಎಂಟು ದಿನ, ಎಂಟು ದಿನದಿಂದ ಮನೆ ನನ್ನದಲ್ಲ, ಖುರ್ಚಿ ಸರಸಬ್ಯಾಡ, ನಾಕೂ ಕಡಿಯಿಂದ ಬರೂ ದನಿ, ಸರೌಂಡ್, ಕೆಡತೈತಿ ಎನ್ನುತ್ತಾರೆ, ಕಸ ಗುಡಿಸುವಾಗಲೂ ಖುರ್ಚಿಗೆ ಪ್ರದಕ್ಷಿಣೆ ಹಾಕಬೇಕು ನಾನು, ಹಿಂದಿನ ಸ್ಪೀಕರಿಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡರು, ಗಾಯದ ಅಂಟುಪಟ್ಟಿ ಹರಿದು ಸುತ್ತಿದವಳೂ ನಾನೇ, ಅವ್ವನ ಕ್ಯಾಸೆಟ್ ಒಮ್ಮೆ ಹಾಕ್ರಿ ಅಂದವಳೂ ನಾನೇ, ನನ್ನ ನಾಲಿಗೆ ಬಿದ್ದುಹೋಗಲಿ. ನಿಪ್ಪಾಣಿಯ ತವರುಮನೆ, ಎಂಬತ್ತೈದನೆಯ ಇಸವಿ, ಅಣ್ಣ ಟೇಪರಿಕಾರ್ಡರು ತಂದು ತಂಬಾಕಿನ ಮೊರದ ಪಕ್ಕ ಇಟ್ಟ, ಅವ್ವ ಬೀಡಿ ಕಟ್ಟುತ್ತ ಹಾಡುತ್ತಾಳೆ, ಎಲೆ ಕತ್ತರಿಸುವ ಕತ್ತರಿ ಕರ್ ಕರ್, ನಡುವೆಯೇ ಹಾಡು ನಿಲ್ಲಿಸಿ, ಚನ್ನಿ, ಬಾಗ್ಲಾ ಮುಚ್ಚ, ತಂಬಾಕ ಹಾರತೈತಿ — ಅವ್ವ ಹೋಗಿ ಆರು ವರ್ಷ, ನನ್ನನ್ನು ಚನ್ನಿ ಎನ್ನುವವರು ಆ ಕ್ಯಾಸೆಟ್ಟಿನೊಳಗೆ ಮಾತ್ರ ಉಳಿದಿದ್ದಾರೆ, ಅದಕ್ಕೇ ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರು ಚಾಕುವಿನಿಂದ ಮುರಿದಿಟ್ಟಿದ್ದೆ, ಆ ಎರಡು ಕುಳಿ ತೆರೆದಿದ್ದರೆ ರಿಕಾರ್ಡಿನ ಗುಂಡಿ ಒತ್ತಿದರೂ ಕೂರುವುದಿಲ್ಲ, ಅವ್ವನ ಮೇಲೆ ಯಾರೂ ಏನೂ ತುಂಬಲಾರರು.

ಮೊನ್ನೆ ಹಾಕಿದರು, ಹಿಂದಿನ ಸ್ಪೀಕರಿಗೆ ಕಿವಿ ಹಚ್ಚಿದರು, ಬರೇ ಸುಂಯ್ ಅಂತೈತಿ, ನಿಮ್ಮವ್ವನ ಕ್ಯಾಸೆಟ್ ಕೆಟ್ಟೈತಿ. ಕೆಟ್ಟಿದೆಯಂತೆ! ಎದುರಿನ ಎರಡರಲ್ಲೂ ಅವ್ವ ಗಂಟಲೆತ್ತಿ ಹಾಡುತ್ತಿದ್ದಳು, ಅದು ಕೇಳಲಿಲ್ಲ ಇವರಿಗೆ, ಕುಣಿಯಲಾರದವಳಿಗೆ ನೆಲ ಡೊಂಕು, ಸೆಟ್ಟು ಜೋಡಿಸಿಕೊಟ್ಟ ಜ್ಞಾನದೇವ ನಿನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ನಕ್ಕ, ವೈನಿ, ಒಂದ ಮೈಕಿನ್ಯಾಗ ತುಂಬಿದ್ದು ಹಿಂದ ಬರೂದಿಲ್ರಿ, ಎಡಕ್ಕೊಂದು ಬಲಕ್ಕೊಂದು ಬ್ಯಾರೆ ದನಿ ಇದ್ರಷ್ಟ ಹಿಂದಿನ್ವು ಮಾತಾಡ್ತಾವು, ಕ್ಯಾಸೆಟ್ ಛಲೋ ಐತ್ರಿ, ಅದನ್ನೇ ಹೇಳೋಣವೆಂದು ಈಗ ಬಾಯಿ ತೆರೆಯುತ್ತೇನೆ, ಅವ್ವನ ಕ್ಯಾಸೆಟ್ ಎಲ್ಲೈತ್ರಿ, ಇದ ನೋಡ, ಎನ್ನುತ್ತಾರೆ ಇವರು, ಈಗ ಕೇಳಾಕತ್ತಿಯಲ್ಲ ಇದ, ಕೆಟ್ಟದ್ದರಾಗ ಛಲೋ ಹಾಡ ತುಂಬೀನಿ, ಹಿಂದಿಂದ ಹೆಂಗ ಬರತೈತಿ ನೋಡ — ರಿಪೇರಿ ಮಾಡಿಕೊಟ್ಟವರ ಮುಖ, ನಗು ಬೇರೆ, ನನ್ನನ್ನು ಒಂದು ಮಾತು ಕೇಳಬೇಕೆಂದು ಅನ್ನಿಸಲೇ ಇಲ್ಲವೇ ಇವರಿಗೆ, ನನ್ನ ಅವ್ವ ಏನು ಇವರ ಹಳೇ ಅಂಗಿಯೇ, ಕಾಕಾಸಾಹೇಬರು ಚಹಾ ಊದುತ್ತಾರೆ, ಗೆಜ್ಜೆ ಸುತ್ತುತ್ತದೆ, ಆ ಗೆಜ್ಜೆಯ ಕೆಳಗೆ ಅವ್ವ, ಮುರಿದ ಕುಳಿ ಏನಾಯಿತು ಹಾಗಾದರೆ, ಹಾಡು ಮುಗಿಯಿತು, ಮುಂದಿನದು ಇನ್ನೂ ಶುರುವಾಗಿಲ್ಲ, ಹಾಡು ತುಂಬದೆ ಉಳಿದ ಆ ಸಂದಿನಲ್ಲಿ, ಎದುರಿನ ಎರಡರಿಂದಲೇ, ಚನ್ನಿ, ಬಾಗ್ಲಾ — ಢಂ ಎಂದು ನಾಲ್ಕೂ ಕಡೆ ಡೋಲು. ತಾಟು ನೆಲಕ್ಕಿಟ್ಟೆನೋ ಬಿಟ್ಟೆನೋ, ಗುಂಡಿ ಒತ್ತಿ ಕ್ಯಾಸೆಟ್ ಕಿತ್ತುಕೊಂಡೆ, ಏ ಸರೌಂಡ್ ಕೆಡತೈತಿ ಎನ್ನುತ್ತಾರೆ, ಕೆಡಲಿ, ಸುಟ್ಟುಹೋಗಲಿ, ಕ್ಯಾಸೆಟ್ಟಿನ ಬೆನ್ನು ನೋಡುತ್ತೇನೆ, ಎರಡು ಕುಳಿಗಳನ್ನೂ ಮುಚ್ಚಿ ಗಾಯದ ಪಟ್ಟಿ, ಮೈಬಣ್ಣದ್ದು, ಇವರ ಹೆಬ್ಬೆರಳಿಗೆ ನಾನೇ ಸುತ್ತಿದ್ದ ಸುರುಳಿಯದ್ದು, ಉಗುರು ಹಾಕಿ ಕೆರೆಯುತ್ತೇನೆ, ಏಳುವುದಿಲ್ಲ, ಪಟ್ಟಿ, ನೀಟಾಗಿ ಕತ್ತರಿಸಿ ಹಚ್ಚಿದ ಪಟ್ಟಿ —